ಅರ್ಧ ದಿನದ ಕೆಲಸ

ನನ್ನ ತಂಗಿಯ ಮಗಳು ಪುಣೆಯಲ್ಲಿದ್ದುಕೊಂಡು ಮಕ್ಕಳಿಗೆ ಕತೆ ಬರೆಯುತ್ತಾಳೆ. ಚಿತ್ರ ಬರೆಯುವವರು ಬೇರೆ ಯಾರೋ. ಹೋದ ಸಲ ಊರಿಗೆ ಬಂದವಳು ಅಂಥದ್ದೊಂದು ಪುಸ್ತಕದ ಕರಡು ಪ್ರತಿ ತೆಗೆದು ನನ್ನ ಮುಂದಿಟ್ಟಳು. "ಮಾಮಾ, ಇದು ನಿಮ್ಮ ಹಬ್ಬುವಾಡದ ಮನೆ ರಿಪೇರಿ ಕತೆ. ಅಮ್ಮ ಹೇಳಿದ್ದನ್ನೇ ಬರೆದದ್ದು. ಸರಿ ಇದೆಯೋ ನೋಡಿ ಹೇಳು" ಅಂದಳು.

ನೋಡಿದೆ. ಚೆಂದದ ಪುಸ್ತಕವೇ. ಮೊದಲ ಪುಟದಲ್ಲೇ ಒಂದು ಹಂಚಿನ ಮನೆ, ಮನೆಗೊಂದು ಹೊಗೆಗೂಡು, ಅದರ ಪಕ್ಕ ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡ ದಪ್ಪ ಮೀಸೆಯ ಕಾಕಾ, ಕೆಳಗೊಂದು ಬೆಕ್ಕು. ನಮ್ಮ ಮನೆಗೆ ಹೊಗೆಗೂಡು ಎಲ್ಲಿಂದ ಬರಬೇಕು? ಅಡುಗೆಮನೆಗೆ ಮುಚ್ಚಿಗೆ ಹಾಕಿರಲಿಲ್ಲ. ಒಲೆಯ ಹೊಗೆ ಹಂಚಿನ ಸಂದಿಯಲ್ಲೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಕಾಕಾನಿಗೆ ಮೀಸೆಯೂ ಇರಲಿಲ್ಲ, ದಿನಾ ಬೆಳಿಗ್ಗೆ ಕನ್ನಡಿಯನ್ನು ಬಾಳೆಗಿಡಕ್ಕೆ ಸಿಕ್ಕಿಸಿಕೊಂಡು ನುಣ್ಣಗೆ ಕ್ಷೌರ ಮಾಡಿಕೊಳ್ಳುವ ಮನುಷ್ಯ. ಬೆಕ್ಕು ಇತ್ತೋ ಏನೋ, ನನಗೆ ನೆನಪಿಲ್ಲ. ತಂಗಿ ಇತ್ತು ಅನ್ನುತ್ತಾಳೆ. ಅವಳಿಗೆ ಆಗ ನಾಲ್ಕೋ ಐದೋ ವರ್ಷ, ಬೆಕ್ಕಿನ ಎತ್ತರದಲ್ಲೇ ಓಡಾಡುತ್ತಿದ್ದವಳು, ಅವಳ ಮಾತೇ ಸರಿ ಇದ್ದೀತು.

ಮಕ್ಕಳ ಪುಸ್ತಕಕ್ಕೆ ಅಷ್ಟು ಸಾಕು. ಆದರೆ ಅದರಲ್ಲಿ ಬಿಟ್ಟುಹೋದದ್ದೇ ಹೆಚ್ಚು. ಅದಕ್ಕೆ ನಾನೂ ಒಮ್ಮೆ ಹೇಳಿಬಿಡುತ್ತೇನೆ.

ಹಬ್ಬುವಾಡ ಅಂದರೆ ಕಾರವಾರದ ಪೇಟೆ ಮುಗಿದು ಗುಡ್ಡ ಶುರುವಾಗುವ ಕಡೆ. ಬೆನ್ನಿಗೆ ಗುಡ್ಡಹಳ್ಳಿಯ ಗುಡ್ಡ, ಎದುರಿಗೆ ಸ್ವಲ್ಪ ದೂರಕ್ಕೆ ಸಮುದ್ರ. ಸಮುದ್ರದಿಂದ ಎದ್ದ ಮೋಡ ಗುಡ್ಡಕ್ಕೆ ಬಡಿದು ನಮ್ಮ ತಲೆಯ ಮೇಲೇ ಸುರಿಯಬೇಕು, ಬೇರೆ ದಾರಿ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಊರು, ಅದರಲ್ಲಿ ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರದೊಳಗೆ ಬಂದುಹೋಗುತ್ತದೆ. ಹಾಗಾಗಿ ಮೇ ತಿಂಗಳೆಂದರೆ ಮನೆಮನೆಯಲ್ಲೂ ಗಡಿಬಿಡಿ. ಕಟ್ಟಿಗೆ ಒಳಗೆ ಹಾಕಬೇಕು, ಕೆಂಪುಕಲ್ಲಿನ ಗೋಡೆಗೆ ಎರಚಲು ಹೊಡೆಯದಂತೆ ಮಡಲ ತಟ್ಟಿ ಕಟ್ಟಬೇಕು, ಹಪ್ಪಳ ಒಣಗಬೇಕು, ಮಾವಿನ ಮಿಡಿ ಉಪ್ಪಿಗೆ ಬೀಳಬೇಕು, ಹಂಚು ಕೈಯಾಡಿಸಬೇಕು. ಹಂಚು ಕೈಯಾಡಿಸಲು ಪ್ರತಿ ವರ್ಷ ಒಬ್ಬ ಮುದುಕ ಬರುತ್ತಿದ್ದ. ಬರುತ್ತಿದ್ದದ್ದು ಬೆಳಿಗ್ಗೆ, ಒಡೆದ ನಾಲ್ಕು ಹಂಚು ಬದಲಿಸಿ, ಜರುಗಿದ್ದನ್ನು ಕೂರಿಸಿ, ಗಂಜಿ ಉಂಡು ಮಧ್ಯಾಹ್ನದೊಳಗೆ ಹೋಗುತ್ತಿದ್ದ. ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಆ ವರ್ಷ ಅವನನ್ನು ಕರೆಯಲಿಲ್ಲ. ಯಾಕೆಂದರೆ ಕಾಕಾ ಬಂದಿದ್ದ.

ಕಾಕಾ ಅಂದರೆ ಅಪ್ಪನ ತಮ್ಮ. ಮುಂಬಯಿಯ ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಮದುವೆಯಾಗಲಿಲ್ಲ. ಬೆನ್ನುನೋವೆಂದು ಕೆಲಸ ಬಿಟ್ಟು ಊರು ಸೇರಿದ. ಊರಲ್ಲಿ ಆ ಬೆನ್ನುನೋವು ಒಂದು ದಿನವೂ ಕಾಣಿಸಿಕೊಂಡದ್ದು ನನಗೆ ಗೊತ್ತಿಲ್ಲ. ಅಂಗಿಯ ಜೇಬಿನಲ್ಲಿ ಯಾವಾಗಲೂ ಮರದ ಮಡಚುವ ಅಡಿಪಟ್ಟಿ, ಕಿವಿಯ ಮೇಲೆ ಪೆನ್ಸಿಲು. ಪಟ್ಟಿ ನಾಲ್ಕು ಮಡಿಕೆಯದು, ಪೂರ್ತಿ ಬಿಚ್ಚಿದರೆ 2 ಅಡಿ. ಗಿರಣಿಯಲ್ಲಿ ಯಾವುದೋ ಯಂತ್ರಕ್ಕೆ ಸಿಕ್ಕಿ ಅದರ ಒಂದು ಮಡಿಕೆ ಮುರಿದುಹೋಗಿತ್ತು. ಈ ಮಡಿಕೆಯ ಮಾತು ಮುಂದೆ ಬರುತ್ತದೆ, ಈಗ ಇರಲಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವುದು ಅವನ ಚಾಳಿ. ಆಯಿ ಹೊಯ್ದ ದೋಸೆಯನ್ನೂ ಬಿಡುತ್ತಿರಲಿಲ್ಲ. "ವೈನೀ, ನಿನ್ನೆಯದಕ್ಕಿಂತ ಕಾಲಿಂಚು ಕಮ್ಮಿ" ಅಂದು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಳತೆಯನ್ನು ಕಾಗದದಲ್ಲಿ ಬರೆದುಕೊಳ್ಳುವ ರೂಢಿಯಿಲ್ಲ, ಹತ್ತಿರ ಯಾವ ಗೋಡೆಯಿದೆಯೋ ಆ ಗೋಡೆಯ ಮೇಲೆ. ದೇವರಕೋಣೆಯ ಬಾಗಿಲ ಪಕ್ಕ ಅವನು ಬರೆದ ಒಂದು ಲೆಕ್ಕ ಎಷ್ಟೋ ವರ್ಷ ಇತ್ತು. ಅದು ಯಾವುದರ ಲೆಕ್ಕ ಎಂದು ಅವನಿಗೂ ಆಮೇಲೆ ಹೇಳಲಾಗಲಿಲ್ಲ.

ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಒಂದು ಕಡೆ ಸೋರುತ್ತಿತ್ತು. ಹಿಂದಿನ ಮಳೆಗಾಲವೆಲ್ಲ ಅಜ್ಜಿ ಅಲ್ಲೊಂದು ಕಂಚಿನ ಬೋಗುಣಿ ಇಟ್ಟು ಕಳೆದಿದ್ದಳು. ಸೋರುವುದು ಅಜ್ಜಿಗೆ ದೊಡ್ಡ ವಿಷಯವಲ್ಲ. ಅವಳ ಬಾಲ್ಯ ಹುಲ್ಲು ಮಾಡಿನ ಕೆಳಗೇ ಕಳೆದದ್ದು. "ಮಳೆಗಾಲದಲ್ಲಿ ಒಂದು ತೊಟ್ಟೂ ಸೋರದ ಮನೆ ಅಂಕೋಲೆಯಿಂದ ಕೋಡಿಬಾಗದವರೆಗೆ ಒಂದು ತೋರಿಸು" ಅನ್ನುತ್ತಿದ್ದಳು. ಕಾಕಾ ಬಿಡಬೇಕಲ್ಲ. ಮೇಲೆ ನೋಡಿದ, ಕೆಳಗೆ ನೋಡಿದ, ಅಕ್ಕಿ ಡಬ್ಬದ ಎತ್ತರ ಅಳೆದ. "ಒಂದೇ ಹಂಚು. ಮುದುಕನಿಗೆ ಕೂಲಿ ಕೊಡೂದು ಎಂತಕ್ಕೆ? ಅರ್ಧ ದಿನದ ಕೆಲಸ" ಅಂದ. ಅಪ್ಪ ಕೋರ್ಟಿನಲ್ಲಿ ಗುಮಾಸ್ತ, ತಮ್ಮನ ಮಾತಿಗೆ ತಕರಾರು ದಾಖಲಿಸದೆ ಆಫೀಸಿಗೆ ಹೋದ.

ಹಂಚಿನ ಮೇಲೆ ನಡೆಯುವುದಕ್ಕೆ ಒಂದು ಕ್ರಮ ಇದೆ. ಕೆಳಗೆ ರೀಪು ಎಲ್ಲಿ ಹಾದಿದೆಯೋ ಅಲ್ಲಿ, ಒಂದು ಹಂಚಿನ ತಲೆಯ ಮೇಲೆ ಇನ್ನೊಂದರ ತುದಿ ಕೂತ ಜಾಗದಲ್ಲಿ, ಪಾದ ಅಡ್ಡ ಇಟ್ಟು ಹೋಗಬೇಕು. ಹಂಚಿನ ಹೊಟ್ಟೆಯ ಮೇಲೆ ಕಾಲಿಟ್ಟರೆ ಮುಗಿಯಿತು. ಮುದುಕನಿಗೆ ಇದು ಪಾದಕ್ಕೇ ಗೊತ್ತಿತ್ತು. ಕಾಕಾ ಪರೇಲಿನಲ್ಲಿ ನೋಡಿದ್ದು ತಗಡಿನ ಮಾಡು.

ನಾನು ಏಣಿ ಹಿಡಿದುಕೊಂಡಿದ್ದೆ ಎಂದು ಮನೆಯವರು ಹೇಳುತ್ತಾರೆ. ನನಗೆ ನೆನಪಿರುವುದು ಅಡುಗೆಮನೆಯ ಒಳಗಿನ ನೋಟ. ಎರಡರಲ್ಲಿ ಒಂದು ಯಾರೋ ಹೇಳಿ ಕೇಳಿ ನನ್ನದಾದ ನೆನಪಿರಬೇಕು. ಅಜ್ಜಿ ಬೆಂದ ಹಲಸಿನ ತೊಳೆಯನ್ನು ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುತ್ತಿದ್ದಳು. ಆಯಿ ಹಿಟ್ಟಿಗೆ ಮೆಣಸು, ಕೊತ್ತಂಬರಿ ಹದ ಮಾಡುತ್ತಿದ್ದಳು. ಮೇಲೆ ಟಕ್ ಎಂದಿತು. ಆಮೇಲೆ ಚಟಪಟ ಎಂದಿತು. ಮಸಿ, ಜೇಡರ ಬಲೆ, ಕೆಂಪು ಚೂರು ಎಲ್ಲ ಒಟ್ಟಿಗೆ ಸುರಿದು, ಧೂಳು ಇಳಿದ ಮೇಲೆ ನೋಡಿದರೆ ಮಾಡಿನಿಂದ ಎರಡು ಕಾಲು ಜೋತಾಡುತ್ತಿವೆ. ಒಂದು ಕಾಲಲ್ಲಿ ಚಪ್ಪಲಿ ಇತ್ತು.

ಅಜ್ಜಿ ತಲೆಯೆತ್ತಿ ನೋಡಿ ಅಂದದ್ದು ಇಷ್ಟೇ: "ಹಪ್ಪಳದ ಹಿಟ್ಟು ಹಾಳಾಯ್ತಲ್ಲೋ ಮಂಗಾ! ಅನ್ನದ ಒಲೆ ಮೇಲೆ ಚಪ್ಪಲಿ ಹಾಕ್ಕೊಂಡು ಹತ್ತೂದೇನೋ?"

ಕಾಕಾ ಸೊಂಟದವರೆಗೆ ಸಿಕ್ಕಿಬಿದ್ದಿದ್ದ. ಕೆಳಗೆ ಎಳೆದರೆ ಒಲೆಯ ಮೇಲೆ ಬೀಳುತ್ತಾನೆ, ಮೇಲೆ ಎಳೆಯಲು ಯಾರಾದರೂ ಹತ್ತಬೇಕು. ಪಕ್ಕದ ಮನೆಯ ಇಬ್ಬರು ಹತ್ತಿದರು. ಅವರಿಗೂ ಆ ಪಾದದ ವಿದ್ಯೆ ಅಷ್ಟಕ್ಕಷ್ಟೇ. ಮಕ್ಕಳ ಪುಸ್ತಕದಲ್ಲಿ ಇಲ್ಲಿ ಒಂದು ಹಂಚು ಒಡೆದಿದೆ. ನಿಜಕ್ಕೆ ಕಾಕಾನನ್ನು ಬಿಡಿಸುವಷ್ಟರಲ್ಲಿ ಅಡುಗೆಮನೆಯ ಒಂದು ಮಗ್ಗುಲಿಗೆ ಒಳ್ಳೆ ಬೆಳಕು ಬಂದಿತ್ತು.

ಸರಿ, ಹೊಸ ಹಂಚು ತಂದರಾಯಿತು ಎಂದುಕೊಂಡೆವು. ಇಲ್ಲಿ ಸ್ವಲ್ಪ ಹಂಚಿನ ವಿಚಾರ ಹೇಳಬೇಕು. ನಮ್ಮ ಕರಾವಳಿಯ ಈ ಚಪ್ಪಟೆ ಹಂಚು ಶುರುವಾದದ್ದು ಮಂಗಳೂರಿನ ಜೆಪ್ಪುವಿನಲ್ಲಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ಕಾರ್ಖಾನೆ ಹಾಕಿದರು. ಆಮೇಲೆ ನೇತ್ರಾವತಿ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು. ಹಂಚು ಮಚ್ವೆಗಳಲ್ಲಿ ತುಂಬಿ ಕರಾವಳಿಯುದ್ದಕ್ಕೂ ಹೋಯಿತು. ಪ್ರತಿಯೊಂದರ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚು. ನಾನು ಇಂಗ್ಲಿಷಿನ ದೊಡ್ಡಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅಟ್ಟದ ಮೇಲೆ ಮಲಗಿ ಹಂಚು ಓದಿ. ನಮ್ಮ ಅಡುಗೆಮನೆಯದು ಬಾಸೆಲ್ ಮಿಶನ್ನಿನ ಹಂಚು, ಅಜ್ಜ ಹೊದೆಸಿದ್ದು ಅಂತೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳೆಲ್ಲ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು, ಅಚ್ಚಿನ ಹೆಸರೂ ಬದಲಾಯಿತು. ಕಾಕಾ ಪೇಟೆಯಿಂದ ಬೇರೆ ಯಾವುದೋ ಕಾರ್ಖಾನೆಯ ಹಂಚು ತಂದ. ನೋಡಲು ಎರಡೂ ಒಂದೇ. ಆದರೆ ಹಂಚಿನ ಅಂಚಿನಲ್ಲಿ ಗಾಡಿ ಇರುತ್ತದಲ್ಲ, ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರಬೇಕು. ಹಿಂದಿನ ಗುಬಟು ರೀಪಿಗೆ ಸಿಕ್ಕಬೇಕು. ಒಂದು ಕಾರ್ಖಾನೆಯದಕ್ಕೂ ಇನ್ನೊಂದರದಕ್ಕೂ ಗೋಧಿಕಾಳಿನಷ್ಟು ವ್ಯತ್ಯಾಸ ಇದ್ದರೂ ಸಾಲಿನ ಕೊನೆಗೆ ಬರುವಾಗ ಅದು ಗೇಣಾಗುತ್ತದೆ. ಕಾಕಾ ಒಂದನ್ನು ಒತ್ತಿ ಕೂರಿಸಿದ, ಪಕ್ಕದ್ದು ಎದ್ದಿತು. ಪಕ್ಕದ್ದನ್ನು ಒತ್ತಿದ, ಮೊದಲಿನದು ಎದ್ದಿತು. ಸಂಜೆಯವರೆಗೂ ಅದೇ ಆಟ.

"ಆ ಮಗ್ಗುಲಿನ ಇಡೀ ಮಾಡಿಗೆ ಒಂದೇ ಜಾತಿಯದು ಹೊದೆಸಿಬಿಡೋಣ" ಅಂದ ಕಾಕಾ. ಹತ್ತಡಿಗೆ ಹತ್ತಡಿ ಮಾಡಿಗೆ ಸುಮಾರು 150 ಹಂಚು ಬೇಕು. ನಮ್ಮ ಅಡುಗೆಮನೆ ಅದಕ್ಕಿಂತ ದೊಡ್ಡದು. ಮರುದಿನ ಮಧ್ಯಾಹ್ನದೊಳಗೆ ಹಳೆಯ ಹಂಚೆಲ್ಲ ಇಳಿದು ಅಂಗಳದಲ್ಲಿ ತೆಂಗಿನ ಮರದ ಬುಡಕ್ಕೆ ಒರಗಿ ನಿಂತವು.

ಇಳಿಸುವುದಕ್ಕೆ ಸದಾಶಿವಗಡದ ಕಡೆಯ ಒಬ್ಬ ಆಚಾರಿಯನ್ನು ಕರೆಸಿದ್ದರು. ಆಗಿನ್ನೂ ಕಾಳಿ ನದಿಗೆ ಸೇತುವೆ ಆಗಿರಲಿಲ್ಲ. ಆ ದಡದವರು ಲಾಂಚಿನಲ್ಲಿ ಕೋಡಿಬಾಗಕ್ಕೆ ದಾಟಿ ಬರಬೇಕು. ಆಮೇಲೆ ಆದ ಸೇತುವೆಯೂ 2024ರ ಆಗಸ್ಟಿನಲ್ಲಿ ಒಂದು ರಾತ್ರಿ ಕುಸಿದುಬಿತ್ತು, ಅದು ಬೇರೆ ಕತೆ. ಆಚಾರಿ ತೆಳ್ಳಗಿನ ಮನುಷ್ಯ, ಬಾಯಲ್ಲಿ ಸದಾ ಎಲೆಯಡಿಕೆ, ಒಂದು ಮಾತಾಡಬೇಕಾದರೂ ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದು ಆಡುವವನು. ಆದ್ದರಿಂದ ಅವನ ಮಾತು ಯಾವಾಗಲೂ ಒಂದು ಹೆಜ್ಜೆ ತಡ. ಎಲ್ಲ ಹಂಚೂ ಇಳಿದ ಮೇಲೆ ಅವನು ಅಡುಗೆಮನೆಯ ಮಾಡೂ ನಡುಮನೆಯ ಮಾಡೂ ಕೂಡುವ ಕಡೆ, ತಗಡಿನ ದೋಣಿಯೊಳಗೆ ಕೈ ಹಾಕಿ ಒಂದು ಬುಟ್ಟಿಯಷ್ಟು ಕೊಳೆತ ಹಲಸಿನೆಲೆ ತೆಗೆದ. ಕೆಳಗಿಳಿದ. ಅಂಗಳದ ಅಂಚಿಗೆ ಹೋದ. ಬಂದು ಹೇಳಿದ: "ಸೋರಿದ್ದು ಹಂಚಿನಿಂದ ಅಲ್ಲ ರಾಯರೇ. ಈ ಎಲೆ ತುಂಬಿ ನೀರು ಕಟ್ಟಿ, ಹಂಚಿನ ಅಡಿಗೆ ನುಗ್ಗಿದ್ದು."

ಪೊರಕೆಯಲ್ಲಿ ಗುಡಿಸಿದ್ದರೆ ಆಗುತ್ತಿತ್ತು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಕಾ ಮಾತ್ರ ಎದೆಗುಂದಲಿಲ್ಲ. ಪಕಾಸಿಗಳನ್ನು ಒಂದೊಂದಾಗಿ ಬೆರಳಿನಿಂದ ಕುಟ್ಟುತ್ತ ಹೋದ. ಒಂದು ಟೊಳ್ಳು ಸದ್ದು ಮಾಡಿತು. ಆಚಾರಿ ಉಳಿ ಚುಚ್ಚಿದರೆ ಒರಲೆ ಹೊಕ್ಕು ಒಳಗೆಲ್ಲ ಮಣ್ಣು. "ನೋಡಿದ್ರ್ಯಾ! ಬಿಚ್ಚಿದ್ದಕ್ಕೆ ಗೊತ್ತಾಯ್ತು!" ಎಂದು ಕಾಕಾ ಕುಣಿದ ಸಂಭ್ರಮ ಈಗಲೂ ಕಣ್ಣಿಗೆ ಕಟ್ಟಿದೆ. ಮನೆಯ ಮರ ಒರಲೆ ತಿಂದದ್ದಕ್ಕೆ ಅಷ್ಟು ಖುಷಿಪಟ್ಟವನನ್ನು ನಾನು ಮತ್ತೆ ನೋಡಿಲ್ಲ.

ಆ ವಾರವೇ ಇರಬೇಕು, ಅಂಕೋಲೆ ಕಡೆಯಿಂದ ತರಕಾರಿ ತರುವ ಹಾಲಕ್ಕಿ ಹೆಂಗಸು ಬಂದಳು. ಕುತ್ತಿಗೆ ತುಂಬ ಮಣಿಸರ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಹರಿವೆ, ಬಸಳೆ, ಅಡಿಗೆ ಅಜ್ಜಿಗಾಗಿ ಮುಚ್ಚಿಟ್ಟ ಕರಿ ಈಶಾಡ. ಅಂಕೋಲೆಯ ಆ ಮಾವಿನ ಹಣ್ಣಿನ ಮುಂದೆ ಆಪೂಸು ಗೀಪೂಸು ನನ್ನ ಪಾಲಿಗೆ ಏನೂ ಅಲ್ಲ. ಸಿಪ್ಪೆ ತೆಳ್ಳಗೆ, ಕೈಯಲ್ಲಿ ಒತ್ತಿದರೆ ರಸ ಮೊಣಕೈಗೆ ಹರಿಯುತ್ತದೆ, ಎರಡು ದಿನ ಇಟ್ಟರೆ ಕೆಟ್ಟುಹೋಗುತ್ತದೆ, ಅದಕ್ಕೇ ಅದು ದೂರದವರಿಗೆ ಸಿಗಲಿಲ್ಲ. ಇರಲಿ. ಆಕೆ ಬುಟ್ಟಿ ಇಳಿಸಿ, ಅಂಗಳದ ಹಂಚಿನ ಸಾಲನ್ನೂ ಬೋಳು ಮಾಡನ್ನೂ ನೋಡಿ, "ಅಮ್ಮಾ, ಹಂಚು ವ್ಯಾಪಾರಕ್ಕಿಟ್ಟಿರಾ? ಮನೆ ಸಮೇತ ಕೊಡ್ತಿರಾ, ಬಿಡಿಯಾಗಿಯಾ?" ಅಂದಳು. ಅಜ್ಜಿ ಅವತ್ತು ನಕ್ಕಷ್ಟು ಆ ತಿಂಗಳಲ್ಲಿ ಮತ್ತೆ ನಗಲಿಲ್ಲ.

ಹೊಸ ಪಕಾಸಿಗೆ ಮರ ಬೇಕು. ಹಿತ್ತಲ ಹಲಸಿನ ಮರ ಕಡಿಯುವ ಮಾತು ಬಂತು. ಎಲೆ ಉದುರಿಸಿದ ಅಪರಾಧಿಯೂ ಅದೇ ಅಲ್ಲವೇ ಎಂದು ಕಾಕಾನ ವಾದ. ಅಜ್ಜಿ ಹಪ್ಪಳದ ಚಾಪೆ ಎತ್ತಿಕೊಂಡು ಹೋಗಿ ಮರದ ಬುಡದಲ್ಲೇ ಹಾಸಿಕೊಂಡು ಕೂತಳು. ಹಲಸಿನ ಮರದ ಮಾತು ಅಲ್ಲಿಗೆ ನಿಂತಿತು. ಅವರ್ಸೆಯಲ್ಲಿ ಯಾರದೋ ಹಳೆ ಮನೆ ಕೆಡವುತ್ತಿದ್ದಾರೆ, ಮತ್ತಿ ಮರದ ಒಳ್ಳೆ ಪಕಾಸಿ ಮಾರಾಟಕ್ಕಿವೆ ಎಂದು ಸುದ್ದಿ ಬಂತು. ಆಚಾರಿ ತನ್ನ ಟೇಪಿನಲ್ಲಿ ಅಳೆದು "12 ಅಡಿ ಬೇಕು, ಒಂದಿಂಚೂ ಕಮ್ಮಿ ಆಗಬಾರದು" ಎಂದು ಕಳಿಸಿದ. ಕಾಕಾ ಹೋಗಿ ತನ್ನ ಪಟ್ಟಿ ಬಿಚ್ಚಿ, ಪ್ರತಿ ಮರದ ಮೇಲೂ ಆರು ಸಲ ಇಟ್ಟು, "ಎರಡಾರಲಿ ಹನ್ನೆರಡು" ಎಂದು ಆರಿಸಿ, ದುಡ್ಡು ಎಣಿಸಿ, ಲಾರಿಗೆ ಹಾಕಿಸಿಕೊಂಡು ಬಂದ.

ನಾಲ್ಕು ಮಡಿಕೆಯಲ್ಲಿ ಒಂದು ಇಲ್ಲದ ಪಟ್ಟಿ 2 ಅಡಿ ಅಲ್ಲ, ಒಂದೂವರೆ ಅಡಿ. ಆರು ಸಲ ಇಟ್ಟರೆ 9 ಅಡಿ. ಸಣ್ಣಪುಟ್ಟದ್ದಕ್ಕೆಲ್ಲ ಆರಿಂಚು ಕಳೆದು ಲೆಕ್ಕ ಹಿಡಿಯುವುದು ಅವನಿಗೆ ರೂಢಿಯಾಗಿತ್ತಂತೆ. ಅವತ್ತು ಅವರ್ಸೆಯವರು ಕೊಟ್ಟ ಎಳನೀರಿನ ಮುಂದೆ ಆ ರೂಢಿ ಮರೆತುಹೋಗಿತ್ತು.

ಆಚಾರಿ ಮೊದಲ ಪಕಾಸಿಯನ್ನು ಮೇಲಕ್ಕೆತ್ತಿದ. ಗೋಡೆಯ ಮೇಲೆ ಒಂದು ತುದಿ ಕೂತಿತು. ಇನ್ನೊಂದು ತುದಿ ಆಕಾಶದಲ್ಲಿ ನಿಂತಿತು. ಅವನು ಇಳಿದು, ಅಂಗಳದ ಅಂಚಿಗೆ ಹೋಗಿ, ಬಹಳ ಹೊತ್ತು ಅಲ್ಲೇ ನಿಂತ. ಕಾಕಾ ಅಷ್ಟರಲ್ಲಿ ಉಪಾಯ ಕಂಡುಹಿಡಿದಿದ್ದ. "ಮಾಡು ಗೋಡೆಗೆ ಮುಟ್ಟದಿದ್ದರೆ ಎಂತಾಯ್ತು? ಗೋಡೆಯನ್ನೇ 3 ಅಡಿ ಒಳಗೆ ತರೋಣ. ಅಡುಗೆಮನೆ ಹೇಗೂ ದೊಡ್ಡದಾಯ್ತು." ಆಚಾರಿ ಉಳಿಯನ್ನು ಚೀಲಕ್ಕೆ ಹಾಕಿ, "ವೈನೀ, ಒಂದು ಲೋಟ ಚಾ ಕೊಡಿ" ಎಂದು ಜಗಲಿಯ ಮೇಲೆ ಕೂತುಬಿಟ್ಟ.

ಸಿಮೆಂಟಿನದು ಚಿಕ್ಕ ಕತೆ. ಗೋಡೆಯ ತಲೆಗೆ ಗಾರೆ ಬೇಕಿತ್ತು. ಆಗ ಸಿಮೆಂಟ್ ಕಂಟ್ರೋಲಿನಲ್ಲಿತ್ತು, ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. 1982ರಲ್ಲಿ ಸರಕಾರ ಸ್ವಲ್ಪ ಸಡಿಲ ಬಿಡುವವರೆಗೂ ಅದೇ ಪಾಡು. ಅಪ್ಪ ಅರ್ಜಿ ಹಾಕಿ, ಅಲೆದು, ಅಂತೂ ಚೀಲಗಳು ಬಂದ ದಿನ ಅಂಗಳದಲ್ಲಿ ಇಳಿಸಿ ಮಡಲು ಮುಚ್ಚಿದರು. ಅದೇ ರಾತ್ರಿ ವರ್ಷದ ಮೊದಲ ದೊಡ್ಡ ಮಳೆ. ಬೆಳಿಗ್ಗೆ ಚೀಲ ಹರಿದು ತೆಗೆದರೆ ಒಳಗಿನದು ಚೀಲದ ಆಕಾರದಲ್ಲೇ ಕಲ್ಲಾಗಿತ್ತು. ಅದರಲ್ಲೊಂದು ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿ ಬಹಳ ಕಾಲ ಬಾಳಿತು. ಮೇಲೆ ಗೋಣಿಯ ನೆಯ್ಗೆಯ ಗೆರೆಯೂ ಮೂಡಿತ್ತು, ಸೋಪಿಗೆ ಒಳ್ಳೆ ನೊರೆ ಬರುತ್ತಿತ್ತು.

ಮಳೆ ಬಂತೆಂದರೆ ಕೆಲಸದವರು ಬರುವುದಿಲ್ಲ, ಅವರವರ ಗದ್ದೆಗೆ ಹೋಗುತ್ತಾರೆ. ಕಾಳಿಯಲ್ಲಿ ನೀರೇರಿ ಲಾಂಚೂ ಆಗಾಗ ನಿಲ್ಲುತ್ತಿತ್ತು. ಆಚಾರಿ ಆ ದಡದಲ್ಲಿ ಉಳಿದ. ನಮ್ಮ ಅಡುಗೆಮನೆ ಆಕಾಶದ ಕೆಳಗೆ ಉಳಿಯಿತು. ಒಲೆ ಜಗಲಿಗೆ ಬಂತು, ಅಕ್ಕಿ ಡಬ್ಬ ದೇವರಕೋಣೆಗೆ ಹೋಯಿತು. ಆಗ ಅಪ್ಪನಿಗೆ ಹೊಳೆದದ್ದು ಬೈತಖೋಲದ ಬಂದರು.

ಮಳೆಗಾಲದಲ್ಲಿ ಮಚ್ವೆಗಳು ಸಮುದ್ರಕ್ಕಿಳಿಯುತ್ತಿರಲಿಲ್ಲ. ದಡಕ್ಕೆಳೆದು, ಮಡಲು ಹೊದೆಸಿ, ಹಾಯಿ ಬಿಚ್ಚಿ ಒಣಗಿಸಿ ಸುತ್ತಿಡುತ್ತಿದ್ದರು. ಅಂದರೆ ಊರಿಗೆಲ್ಲ ಮಾಡು ಬೇಕಾದ ಹೊತ್ತಿಗೆ ಅಷ್ಟು ದೊಡ್ಡ ಬಟ್ಟೆಗಳು ಕೆಲಸವಿಲ್ಲದೆ ಬಿದ್ದಿರುತ್ತಿದ್ದವು. ಅಪ್ಪನಿಗೆ ಕೋರ್ಟಿನ ಯಾವುದೋ ಕಾಗದದ ಕೆಲಸದಲ್ಲಿ ಪರಿಚಯವಾದ, ಮಚ್ವೆ ನಡೆಸುವ ಒಬ್ಬ ತಾಂಡೇಲ ಅಲ್ಲಿದ್ದ. ಅಪ್ಪ ಸೈಕಲ್ಲು ಹತ್ತಿ ಹೋಗಿ ಕೇಳಿದ. ಸಂಜೆಗೆ ತಾಂಡೇಲ ಕೈಗಾಡಿಯ ಮೇಲೆ ಹಾಯಿ ಹೇರಿಕೊಂಡು ತಾನೇ ಬಂದ. ಗಿಡ್ಡ ಆಳು, ಬಿಳಿ ಗಡ್ಡ, ಎಡಗಣ್ಣು ಸದಾ ಅರ್ಧ ಮುಚ್ಚಿದ್ದು. ಗಾಳಿ ನೋಡಿ ನೋಡಿ ಹಾಗಾಗಿದೆ ಎಂದು ನಾವು ಮಕ್ಕಳು ನಂಬಿದ್ದೆವು.

ಹಾಯಿ ಬಿಚ್ಚಿದ್ದೇ ಇಡೀ ಹಬ್ಬುವಾಡಕ್ಕೆ ಒಣಮೀನಿನ ಘಮ. ನಮ್ಮದು ಮೀನು ತಿನ್ನದ ಮನೆ. ಅಜ್ಜಿ ಮೂಗಿಗೆ ಸೆರಗು ಹಿಡಿದು, ಅರಿಸಿನದ ನೀರು ತಂದು ಚಿಮುಕಿಸಿದಳು. ತಾಂಡೇಲ ಕೈಮುಗಿದು ನಿಂತು ಅದನ್ನು ನೋಡಿದ. ಮಂತ್ರ ಮುಗಿದ ಮೇಲೆ ಕೇಳಿದ: "ಅಮ್ಮಾ, ಇನ್ನು ನಾನು ಇದನ್ನು ದರಿಯಾಕ್ಕೆ ತಗೊಂಡು ಹೋದ್ರೆ ಮೀನು ಸಿಗ್ತದಾ?"

ಕಟ್ಟುವಾಗ ಅವನು ಹೇಳಿದ್ದು ಒಂದೇ ಮಾತು. ಪಡುವಣದ ಕಡೆ ಬಿಗಿ, ಗುಡ್ಡದ ಕಡೆ ಸಡಿಲ. ಗಾಳಿ ಒಳಗೆ ಬಂದರೆ ಹೊರಗೆ ಹೋಗಲು ಬಾಯಿ ಬೇಕು. ಕಾಕಾ ತಲೆಯಾಡಿಸಿದ. ತಾಂಡೇಲ ಅತ್ತ ಹೋದದ್ದೇ ತಡ, "ಸಡಿಲ ಬಿಟ್ಟರೆ ನೀರು ಬರೂದಿಲ್ವಾ?" ಎಂದು ನಾಲ್ಕೂ ಕಡೆ ಜಗ್ಗಿ ಬಿಗಿದ. ಒಂದು ಹಗ್ಗ ಒರಳುಕಲ್ಲಿಗೆ, ಒಂದು ಹಲಸಿನ ಮರಕ್ಕೆ, ಉಳಿದದ್ದೆಲ್ಲ ತಾತ್ಪೂರ್ತಿಕವಾಗಿ ನಿಲ್ಲಿಸಿದ ಆ ಗಿಡ್ಡ ಪಕಾಸಿಗಳಿಗೆ.

ಎಷ್ಟು ಹೊತ್ತಿಗೆ ಗಾಳಿ ಎದ್ದಿತೋ ಗೊತ್ತಿಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರಾದಾಗ ಕಿರ್ರ್ ಎಂಬ ಸದ್ದು, ಮನೆಯ ಮೂಳೆಯೇ ನುಲಿದಂತೆ. ಲಾಟೀನು ಹಿಡಿದು ಎಲ್ಲರೂ ಅಡುಗೆಮನೆಗೆ ಓಡಿದೆವು. ಹಾಯಿ ಹೊಟ್ಟೆ ಉಬ್ಬಿಸಿ ನಿಂತಿತ್ತು. ಪಕಾಸಿಗಳು ಗೋಡೆಯಿಂದ ಒಂದು ಗೇಣು ಮೇಲಕ್ಕೆದ್ದು ತೂಗುತ್ತಿದ್ದವು. ಒರಳುಕಲ್ಲು ಮಾತ್ರ ನೆಲ ಬಿಟ್ಟಿರಲಿಲ್ಲ. ಆದರೆ ಅದೂ ಸುಮ್ಮನಿರಲಿಲ್ಲ, ಸ್ವಲ್ಪ ಸ್ವಲ್ಪವೇ ಜರುಗುತ್ತಿತ್ತು. ಕಾಕಾ ಒಂದು ಹಗ್ಗಕ್ಕೆ ಜೋತುಬಿದ್ದ. ಹಗ್ಗ ಅವನನ್ನೂ ತುದಿಗಾಲಿನಲ್ಲಿ ನಿಲ್ಲಿಸಿತು.

ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು: "ನಾವೀಗ ಯಾವ ಬಂದರಿಗೆ ಹೊರಟದ್ದು?"

ಆ ಮಳೆಯಲ್ಲಿ ಅಂಗಳದಿಂದ ಒಂದು ಕೂಗು ಬಂತು. ತಾಂಡೇಲ, ಜೊತೆಗೆ ಇಬ್ಬರು ಹುಡುಗರು. ಗಾಳಿ ಏಳುತ್ತಲೇ ಅವನಿಗೆ ತನ್ನ ಹಾಯಿಯ ಚಿಂತೆ ಹತ್ತಿತ್ತಂತೆ, ಬೈತಖೋಲದಿಂದ ನಡೆದೇ ಬಂದಿದ್ದ. ಒಳಗೆ ಬಂದು ಮೇಲೆ ಒಮ್ಮೆ ನೋಡಿದ. ಆಮೇಲೆ ಅವನ ದನಿಯೇ ಬೇರೆಯಾಯಿತು. ಕೋರ್ಟಿನ ಗುಮಾಸ್ತನನ್ನು ಹಲಸಿನ ಮರದ ಹಗ್ಗಕ್ಕೆ ನಿಲ್ಲಿಸಿದ, ಆಯಿಯ ಕೈಗೆ ಲಾಟೀನು ಕೊಟ್ಟು ಒರಳಿನ ಮೇಲೆ ಕೂರಿಸಿದ, ಕಾಕಾನಿಗೆ "ಏ ಖಲಾಸಿ! ಬಿಡು ಅಂದಾಗ ಬಿಡು, ಅದಕ್ಕಿಂತ ಮೊದಲು ಬಿಟ್ಟರೆ ನೋಡು!" ಅಂದ. ಎಲ್ಲರೂ ಹೇಳಿದ ಹಾಗೆ ಕೇಳಿದರು. ಗುಡ್ಡದ ಕಡೆಯ ಹಗ್ಗ ಒಂದೊಂದೇ ಸಡಿಲವಾಯಿತು. ಒಳಗಿದ್ದ ಗಾಳಿ ದೊಡ್ಡ ನಿಟ್ಟುಸಿರು ಬಿಟ್ಟು ಗುಡ್ಡದ ಕಡೆ ಹೋಯಿತು. ಪಕಾಸಿಗಳು ದಡಕ್ಕನೆ ಗೋಡೆಯ ಮೇಲೆ ಕೂತವು. ನನ್ನನ್ನು ಯಾವ ಹಗ್ಗಕ್ಕೂ ಹಾಕಲಿಲ್ಲ ಎಂಬ ಸಿಟ್ಟು ನನಗೆ ಬಹಳ ದಿನ ಇತ್ತು.

ತಾಂಡೇಲ ಜಗಲಿಯ ಮೇಲೆ ಕೂತು ಗಂಜಿ ಉಂಡ. ಜೊತೆಗೆ ಉಪ್ಪಿನ ಮಿಡಿ, ಸುಟ್ಟ ಹಪ್ಪಳ. ಹಪ್ಪಳ ಕಡಿಯುವಾಗ ಹಲ್ಲಿಗೆ ಏನೋ ಸಿಕ್ಕಿತು. ಹೊರಗೆ ತೆಗೆದು ಲಾಟೀನಿಗೆ ಹಿಡಿದು ನೋಡಿದ. "ಇದು ಮಂಗಳೂರು ಹಂಚಲ್ವಾ?" ಅಂದ. ಅಜ್ಜಿ ಆ ಹಿಟ್ಟನ್ನು ಚೆಲ್ಲಿರಲಿಲ್ಲ, ಆರಿಸಿ ತೆಗೆದು ಹಪ್ಪಳ ಮಾಡಿದ್ದಳು ಎಂದು ನಮಗೆಲ್ಲ ಗೊತ್ತಾದದ್ದು ಆಗಲೇ.

ಹಾಯಿಯ ಕೆಳಗೆ ನಾವು ಆ ಮಳೆಗಾಲದ ಬಹುಪಾಲು ಕಳೆದೆವು. ಗಾಳಿಯಿಲ್ಲದ ದಿನ ಮಳೆನೀರು ಅದರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಅದನ್ನು ಅಂಚಿನಿಂದ ಬಿದಿರಲ್ಲಿ ಮೆಲ್ಲಗೆ ಎತ್ತಿ ಹೊರಗೆ ಚೆಲ್ಲಬೇಕು. ಕಾಕಾ ಒಮ್ಮೆ ನಡುವಿಗೇ ಬಿದಿರು ಕೊಟ್ಟು ಎತ್ತಿದ. ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ತುಂಬ ನೀಲಿ ಬಣ್ಣ ಇದೆ, ಅಷ್ಟೂ ನೀರು ನಿಜ. ಒದ್ದೆಯಾಗಿ ನಡುಗುತ್ತಿದ್ದವನು ಮೈ ಒರೆಸಿಕೊಳ್ಳುತ್ತ, "ಇದೇ ಕಾರವಾರಕ್ಕೆ ಬಂದು ಟಾಗೋರರು ನಾಟಕ ಬರೆದರು, ಗೊತ್ತುಂಟಾ? ನಾವು ಸುಮ್ನೆ ಮಳೆಗೆ ಬಯ್ತೇವೆ" ಅಂದ. ಮಾತು ಸುಳ್ಳಲ್ಲ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ಬಂದು ಅವರ ಮನೆಯಲ್ಲಿದ್ದರು. ದೋಣಿಯಲ್ಲಿ ಕಾಳಿ ನದಿಯೊಳಗೆ ಹೋಗಿ ಬಂದದ್ದನ್ನು ಆಮೇಲೆ ಬರೆದಿದ್ದಾರೆ. ಅಪ್ಪ ಬಟ್ಟಲಲ್ಲಿ ನೀರು ಮೊಗೆದು ಹೊರಗೆ ಹಾಕುತ್ತಿದ್ದವನು ತಲೆ ಎತ್ತದೆ ಹೇಳಿದ: "ಆ ನಾಟಕದ ಹೆಸರು ಪ್ರಕೃತಿಯ ಪ್ರತೀಕಾರ."

ನಾಟಿ ಮುಗಿದ ಮೇಲೆ ಆಚಾರಿ ಬಂದ. ಗಿಡ್ಡ ಪಕಾಸಿಗಳಿಗೆ ಹಳೆಯದರ ಗಟ್ಟಿ ಉಳಿದ ತುಂಡು ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು, ನಡುವೆ ಒಂದು ಕಂಬ ಕೊಟ್ಟು ನಿಲ್ಲಿಸಿದ. ಆ ಕಂಬ ಅಡುಗೆಮನೆಯ ನಟ್ಟನಡುವೆ, ಒಲೆಗೂ ಬಾಗಿಲಿಗೂ ಅಡ್ಡ. ಆಯಿ ಕೊನೆಯವರೆಗೂ ಅದನ್ನು ಸುತ್ತಿಕೊಂಡೇ ಓಡಾಡಿದಳು. ಕತ್ತಲಲ್ಲಿ ಯಾರ ಭುಜಕ್ಕೆ ತಾಗಿದರೂ ಬೈಗುಳ ಕಾಕಾನಿಗೆ. ಮಳೆ ಬಿಟ್ಟ ದಿನಗಳಲ್ಲಿ ಹೊಸ ಹಂಚು ಹೊದೆಸಿದರು. ಚವತಿಗೆ ಗಣಪತಿ ತರುವಷ್ಟರಲ್ಲಿ ಮಾಡು ಮುಚ್ಚಿತ್ತು.

ಹಬ್ಬ ಕಳೆದು ತಾಂಡೇಲ ಹಾಯಿ ಒಯ್ಯಲು ಬಂದ. ಅಜ್ಜಿ ಅವನಿಗೆ ಮೋದಕ ಕಟ್ಟಿಕೊಟ್ಟಳು. ಅಪ್ಪ ಬಾಡಿಗೆಯೆಂದು ದುಡ್ಡು ತೆಗೆದ. ಅವನು ಮುಟ್ಟಲಿಲ್ಲ. ತೆಂಗಿನ ಬುಡದಲ್ಲಿ ಇನ್ನೂ ಒರಗಿದ್ದ ಹಳೆಯ ಹಂಚುಗಳ ಹತ್ತಿರ ಹೋಗಿ, ಒಂದನ್ನು ಎತ್ತಿ ಅಚ್ಚನ್ನು ಬೆರಳಿನಿಂದ ಸವರಿ ನೋಡಿದ. ಅವನ ಮನೆಯದೂ ಇದೇ ಛಾಪಿನ ಹಂಚಂತೆ, ಕೆಲವು ಒಡೆದಿವೆ, ಎಲ್ಲಿ ಹುಡುಕಿದರೂ ಜೋಡಿ ಸಿಕ್ಕಿಲ್ಲವಂತೆ. "ಇದು ಕೊಟ್ಟರೆ ಲೆಕ್ಕ ಚುಕ್ತಾ" ಅಂದ.

ಕಾಕಾನ ಮುಖ ಅರಳಿತು. ಜೇಬಿನಿಂದ ಪಟ್ಟಿ ತೆಗೆದೇಬಿಟ್ಟ. "ಅದಕ್ಕೆಂತ, ನಾಳೆ ಬೆಳಿಗ್ಗೆ ನಾನೇ ಬಂದು ಕೂರಿಸಿಕೊಡ್ತೇನೆ."

ತಾಂಡೇಲ ಮಾಡು ನೋಡಿದ, ಕಾಕಾನನ್ನು ನೋಡಿದ, ಅರ್ಧ ಮುಚ್ಚಿದ ಕಣ್ಣನ್ನು ಪೂರ್ತಿ ಮುಚ್ಚಿದ.

"ಹಂಚು ಸಾಕು ರಾಯರೇ. ನೀವು ಬರೂದು ಬೇಡ."